ಮೇಜರ್ ಟೊರ್ನೇಡೊ ಅವರಿಗೆ, ಅವರ ಎರಡು ಪುಟದ ಮನೆಯ ಮಾಲೀಕನಿಂದ

ಗಗನವೀರರೂ ದುಷ್ಟಸಂಹಾರಕರೂ ಸದ್ಯಕ್ಕೆ ಬಾಡಿಗೆದಾರರೂ ಆದ ಶ್ರೀಮಾನ್ ಮೇಜರ್ ಟೊರ್ನೇಡೊ ಅವರ ಸನ್ನಿಧಾನಕ್ಕೆ,
ಹೂಪ್ಲಾ ಕಾಮಿಕ್ಸ್, ನಡುವಿನ ಎರಡು ಪುಟ, ನ್ಯೂಯಾರ್ಕ್.

ಮಾನ್ಯರೇ,

ತಮ್ಮ ಮೇಲಂಗಿಯ ಅಂಚಿಗೆ ದೂರದಿಂದಲೇ ನಮಸ್ಕರಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾನಿಲ್ಲಿ ಒಂದು ಮಟ್ಟಿಗೆ ಕ್ಷೇಮ. ತಮ್ಮ ಕ್ಷೇಮಸಮಾಚಾರ ಕೇಳುವುದು ಉದ್ಧಟತನವಾದೀತು, ಏಕೆಂದರೆ ತಮಗೆ ಗುಂಡು ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ, ಜನವರಿಯ ಹಿಮದಲ್ಲಿ ಅಷ್ಟು ಎತ್ತರದಲ್ಲಿ ಹಾರಾಡಿದರೂ ಒಂದು ಸೀನು ಬಂದದ್ದನ್ನು ಈ ದೇಶದ ಮಕ್ಕಳು ಯಾರೂ ಕಂಡಿಲ್ಲ.

ನನ್ನ ಹೆಸರು ಕಾರ್ನಿಲಿಯಸ್ ಡೂಲನ್. ತಾವು ಕೇಳಿರಲಾರಿರಿ, ತಮ್ಮದೇನೂ ತಪ್ಪಿಲ್ಲ, ಯಾರೂ ಕೇಳಿಲ್ಲ. ತಾವು ಮುಖಪುಟದಿಂದ ಹಿಂಬದಿಯ ರಟ್ಟಿನವರೆಗೆ ಆಳಿದ ಪತ್ರಿಕೆಯ ನಟ್ಟನಡುವೆ, ಚಿತ್ರವಿಲ್ಲದ ಎರಡು ಪುಟಗಳಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂಬತ್ತು ವರ್ಷದಿಂದ ಕಥೆ ಬರೆಯುತ್ತಿರುವವನು ನಾನೇ. ಆ ಪುಟ ಬಂದ ಕೂಡಲೇ ಮಕ್ಕಳು ಬೆರಳಿಗೆ ಎಂಜಲು ಹಚ್ಚಿಕೊಂಡು ಮುಂದಕ್ಕೆ ಹೋಗುತ್ತಾರೆ. ಹಾಗಾದರೆ ಅದು ಇರುವುದಾದರೂ ಏಕೆ ಎಂದು ತಾವು ಕೇಳಬಹುದು. ಕಾಮಿಕ್ಸ್ ಪುಸ್ತಕದಲ್ಲಿ ಕನಿಷ್ಠ ಎರಡು ಪುಟ ಓದುವ ಬರಹ ಇದ್ದರೆ ಮಾತ್ರ ಅಂಚೆಯವರು ಅದನ್ನು ನಿಯತಕಾಲಿಕವೆಂದು ಒಪ್ಪಿ ಅಗ್ಗದ ದರದಲ್ಲಿ ಸಾಗಿಸುತ್ತಾರೆ. ನಮ್ಮ ಮಾಲೀಕರಾದ ಹೈಮನ್ ಝೆಲ್ನಿಕ್ ಅವರು ಇದನ್ನು ನನಗೆ ಮೊದಲ ದಿನವೇ ತಿಳಿಸಿ ಹೇಳಿದ್ದರು. "ನೋಡು ಡೂಲನ್, ನೀನು ಗಾಡಿ ಹಿಂದಿನ ನಂಬರ್ ಪ್ಲೇಟ್ ಇದ್ದಂಗೆ. ಯಾರೂ ತಿರುಗಿ ನೋಡಲ್ಲ. ಆದ್ರೆ ಇಲ್ದಿದ್ರೆ ಪೊಲೀಸ್ನೋನು ಹಿಡೀತಾನೆ."

ತಾವು ಅವತರಿಸುವ ಮುಂಚಿನ ಸಂಗತಿಗಳು ತಮಗೆ ತಿಳಿದಿರಲಾರವು. ಝೆಲ್ನಿಕ್ ಅವರು ಸೋಡಾ ಬಾಟಲಿಗೆ ಅಂಟಿಸುವ ಚೀಟಿಗಳನ್ನು ಅಚ್ಚು ಹಾಕುತ್ತಿದ್ದವರು. ಚಳಿಗಾಲದಲ್ಲಿ ಸೋಡಾ ಕುಡಿಯುವವರಿಲ್ಲದೆ ಯಂತ್ರ ಸುಮ್ಮನೆ ನಿಲ್ಲುತ್ತಿತ್ತು, ನಿಂತ ಯಂತ್ರವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ದಿನಪತ್ರಿಕೆಗಳಲ್ಲಿ ಬಂದು ಹಳಸಿದ ನಗೆಚಿತ್ರಗಳನ್ನು ಅಗ್ಗಕ್ಕೆ ಕೊಂಡು, ಕತ್ತರಿಸಿ, ಅಂಟಿಸಿ, ಅರವತ್ತನಾಲ್ಕು ಪುಟದ ಪುಸ್ತಕ ಮಾಡಿ ಹತ್ತು ಸೆಂಟಿಗೊಂದರಂತೆ ಮಾರಿದರು. ಹಳಸಿದ್ದು ಮುಗಿದಾಗ, ಹೊಸದನ್ನು ಮಾಡಿಸುವುದು ಹಳೆಯದನ್ನು ಕೊಳ್ಳುವುದಕ್ಕಿಂತಲೂ ಅಗ್ಗವೆಂದು ಅವರಿಗೆ ಹೊಳೆಯಿತು, ಏಕೆಂದರೆ ಆ ಕೆಟ್ಟ ವರ್ಷಗಳಲ್ಲಿ ಕೆಲಸವಿಲ್ಲದ ಚಿತ್ರಕಾರರೂ ಬರಹಗಾರರೂ ಉದ್ಯಾನದ ಬೆಂಚುಗಳ ಮೇಲೆ ಪಾರಿವಾಳಗಳಿಗಿಂತ ಹೆಚ್ಚು ಸಿಗುತ್ತಿದ್ದರು.

ಆಗ ಹೂಪ್ಲಾ ಒಂದು ಛತ್ರದಂತೆ ಇತ್ತು, ಬಂದವರಿಗೆಲ್ಲ ಜಾಗವಿತ್ತು. ಲ್ಯಾಂಕಿ ಹಾಬ್ಸ್ ಎಂಬ ದನಕಾಯುವ ಬಂದೂಕುಗಾರನಿದ್ದ. ಫ್ರೆಡ್ ಎಂಬ ಸಮುದ್ರದಾಳದ ಮುಳುಗುಗಾರನಿದ್ದ. ತಲೆಪಾಗಿನ ಮಾಂತ್ರಿಕನೊಬ್ಬನಿದ್ದ, ಅವನು ಹಿಂದೂಸ್ಥಾನದವನೆಂದು ನಾವು ಹೇಳಿಕೊಳ್ಳುತ್ತಿದ್ದೆವು, ಆದರೆ ನಮ್ಮ ಚಿತ್ರಕಾರ ಸಾಲ್ ಟ್ರಿಪೋಡಿ ಅವನ ಮುಖವನ್ನು ನೇಪಲ್ಸಿನಲ್ಲಿದ್ದ ತನ್ನ ಸೋದರಮಾವನಿಂದಲೂ ಪಾಗನ್ನು ಸ್ನಾನದ ಟವೆಲ್ಲಿನಿಂದಲೂ ಎರವಲು ತಂದಿದ್ದ. ಅಂಚೆಚೀಟಿ ಕೂಡಿಡುವವರಿಗೆ ಒಂದು ಪುಟವಿತ್ತು. ಮತ್ತು ನಡುವೆ ನನ್ನ ಟಿಲ್ಡಾ ಹ್ಯಾಗರ್ಟಿ ಇದ್ದಳು.

ಟಿಲ್ಡಾ ಯಾರೆಂದು ತಮಗೆ ಈಗ ಚೆನ್ನಾಗಿ ಗೊತ್ತು, ಆದರೆ ಈ ಪತ್ರ ಬಹಿರಂಗವಾದ್ದರಿಂದ ಉಳಿದವರಿಗಾಗಿ ಹೇಳಬೇಕು. ಆಕೆ ಬ್ರೂಕ್ಲಿನ್ನಿನ ಹಡಗುಕಟ್ಟೆಯ ಬಳಿ ನಾವಿಕರಿಗೆ ಕೋಣೆ ಮತ್ತು ಊಟ ಕೊಟ್ಟು ಬದುಕುವ ವಿಧವೆ. ಪ್ರತಿ ತಿಂಗಳೂ ಆ ಮನೆಯಲ್ಲಿ ಏನಾದರೊಂದು ಕಳುವಾಗುತ್ತದೆ. ಟಿಲ್ಡಾ ಅಡುಗೆಮನೆಯಲ್ಲಿ ಕುಳಿತು ಆಲೂಗಡ್ಡೆ ಸುಲಿಯುತ್ತಾ ಒಬ್ಬೊಬ್ಬರನ್ನೇ ಮಾತಿಗೆಳೆದು, ಬುಟ್ಟಿ ಖಾಲಿಯಾಗುವ ಹೊತ್ತಿಗೆ ಕಳ್ಳನನ್ನು ಹಿಡಿಯುತ್ತಾಳೆ. ಹಿಡಿದ ಮೇಲೆ ನಾಲ್ಕು ಮಾತು ಬೈದು ಅವನಿಗೂ ಊಟ ಬಡಿಸುತ್ತಾಳೆ. ಇಷ್ಟೇ ಕಥೆ. ಇದಕ್ಕೆ ಸರಿಯಾಗಿ ಎರಡು ಪುಟ ಬೇಕು, ಒಂದು ಸಾಲು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೇಜರ್, ತಾವು ಛತ್ರಕ್ಕೆ ಬಂದದ್ದು ಒಂದು ರಾತ್ರಿಯ ಮಟ್ಟಿಗೆ ತಂಗುವವರಂತೆ, ವಿಮಾನ ಹಾರಿಸುವವನ ಕಥೆ ಬಿಡಿಸುತ್ತಿದ್ದ ಚಿತ್ರಕಾರನಿಗೆ ಗದ್ದಕಟ್ಟು ಬಂದು ಆರು ಪುಟ ಖಾಲಿ ಬಿದ್ದಾಗ. ವಿಮಾನ ಬಿಡಿಸಲು ಸಾಲ್‌ಗೆ ಸಮಯವಿರಲಿಲ್ಲ, ಆದ್ದರಿಂದ ವಿಮಾನವನ್ನು ಬಿಟ್ಟು ಮನುಷ್ಯನನ್ನೇ ಹಾರಿಸಿದ. ಇದು ತಮ್ಮ ಜನ್ಮರಹಸ್ಯ. ತಾವು ದೂರದ ಗ್ರಹದ ಬಿರುಗಾಳಿಯಲ್ಲಿ ಜನಿಸಿದಿರೆಂಬ ವಿಷಯ ಮುಂದಿನ ತಿಂಗಳು ಹೊಳೆದದ್ದು. ಆಮೇಲೆ ಒಂಟೆಗೆ ಗುಡಾರದಲ್ಲಿ ತಲೆಯಿಡಲು ಜಾಗ ಕೊಟ್ಟಂತಾಯಿತು. ತಮ್ಮ ಶೌರ್ಯಕ್ಕೆ ಪುಟಗಳು ಸಾಲದಾದಾಗ ಲ್ಯಾಂಕಿ ಹಾಬ್ಸ್‌ನನ್ನು ಕಣಿವೆಯಲ್ಲಿ ಬೇರು ಹಿಡಿದು ನೇತಾಡುತ್ತಿದ್ದಾಗಲೇ ನಿಲ್ಲಿಸಲಾಯಿತು. ಬಡಪಾಯಿ ಇವತ್ತಿಗೂ ನೇತಾಡುತ್ತಿದ್ದಾನೆ. ಮುಳುಗುಗಾರ ಫ್ರೆಡ್‌ನ ಉಸಿರಿನ ಕೊಳವೆಯನ್ನು ಶಾರ್ಕ್ ಒಂದು ಬಾಯಲ್ಲಿ ಹಿಡಿದಿದ್ದ ಹಾಗೆಯೇ ಅವನ ಜಾಗವನ್ನೂ ತಮಗೆ ಬರೆದುಕೊಟ್ಟರು. ತಾವು ಹಡಗನ್ನು ಒಂದೇ ಕೈಯಲ್ಲಿ ಎತ್ತಬಲ್ಲವರು, ನಾಲ್ಕು ಪುಟ ಹಿಂದೆ ಹೋಗಿ ಆ ಇಬ್ಬರನ್ನು ಎತ್ತಿಬಿಡಬೇಕೆಂದು ತಮಗೆ ಒಮ್ಮೆಯೂ ಅನ್ನಿಸಲಿಲ್ಲವಲ್ಲ ಎಂಬ ಸಣ್ಣ ಕೊರಗು ನನಗಿದೆ.

ಯುದ್ಧ ಬಂತು, ಕಾಗದಕ್ಕೆ ಪಡಿತರ ಬಂತು, ಪುಸ್ತಕ ತೆಳ್ಳಗಾಯಿತು, ತಾವು ಮಾತ್ರ ದಪ್ಪಗಾದಿರಿ. ತಮ್ಮ ಮುಖವಿದ್ದ ತಗಡಿನ ಉಂಗುರಗಳನ್ನು ಝೆಲ್ನಿಕ್ ಅವರು ರಾಶಿ ರಾಶಿ ಮಾಡಿಸಿದರು. ಅದನ್ನು ಧರಿಸಿದ ಮಕ್ಕಳ ಬೆರಳು ಹಸಿರಾಗುತ್ತಿತ್ತು, ಅದು ಶಕ್ತಿ ಹರಿಯುವ ಗುರುತೆಂದು ಜಾಹೀರಾತಿನಲ್ಲಿ ಬರೆದವನು ನಾನೇ. ಆ ಎಲ್ಲ ವೈಭವದ ನಡುವೆಯೂ ತಮ್ಮಿಂದ ಮುಟ್ಟಲಾಗದೆ ಉಳಿದದ್ದು ಎರಡೇ ಪುಟ. ಶತ್ರುಗಳ ಇಡೀ ನೌಕಾಪಡೆಯನ್ನು ಊದಿ ಮಗುಚಿದ ತಮಗೆ ಅಂಚೆಯ ನಿಯಮವೊಂದನ್ನು ಅಲುಗಾಡಿಸಲು ಆಗಲಿಲ್ಲವೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಆದರೆ ಏರಿದವನು ಇಳಿಯಲೇಬೇಕು. ಯುದ್ಧ ಮುಗಿಯಿತು, ಮಕ್ಕಳಿಗೆ ಹಾರುವವರು ಬೇಸರವಾದರು, ಈ ವರ್ಷದಿಂದ ಹೂಪ್ಲಾ ತುಂಬ ಕೊರಳಪಟ್ಟಿ ಕಟ್ಟಿದ ಹಂದಿಮರಿಗಳು. ಸಾಲ್ ಪಾಪ ಹಂದಿಗಳನ್ನೂ ಚೆನ್ನಾಗಿಯೇ ಬಿಡಿಸುತ್ತಾನೆ, ಕೈಗೆ ಹತ್ತಿದ ಅಭ್ಯಾಸ ಹೋಗದೆ ಅವಕ್ಕೆ ಉಬ್ಬಿದ ಎದೆ, ತೋಳಿನ ಗಂಟುಗಳು ಬರುತ್ತವೆ ಅಷ್ಟೇ. ತಾವು ಬೀದಿಗೆ ಬಿದ್ದಿರೆಂದು ಕೇಳಿ ನನಗೆ ನಿಜಕ್ಕೂ ಅಯ್ಯೋ ಎನಿಸಿತ್ತು. ಅಷ್ಟರಲ್ಲಿ ಝೆಲ್ನಿಕ್ ಅವರು ನನ್ನನ್ನು ಕರೆದು, ಉಗ್ರಾಣದಲ್ಲಿ ಉಂಗುರಗಳು ಇನ್ನೂ ಬೆಟ್ಟದಷ್ಟಿವೆ, ಅವು ಖರ್ಚಾಗುವ ತನಕ ಮೇಜರ್ ಪುಸ್ತಕದ ಯಾವುದಾದರೂ ಮೂಲೆಯಲ್ಲಿ ಇರಲೇಬೇಕು ಎಂದರು. "ನಿನ್ನ ಆ ಹೆಂಗಸಿನ ಮನೇಲಿ ಕೋಣೆ ಖಾಲಿ ಇದ್ಯಲ್ಲ, ಅಲ್ಲಿ ಹಾಕು ಇವ್ನನ್ನ."

ಹೀಗೆ ತಾವು ಟಿಲ್ಡಾಳ ಮೂರನೇ ಮಹಡಿಗೆ ಬಂದಿರಿ. ಬಾಗಿಲಿದ್ದರೂ ಕಿಟಕಿಯಿಂದಲೇ, ಮೇಲಂಗಿ ಮತ್ತು ಬಿಗಿಚಡ್ಡಿಯಲ್ಲೇ ಬಂದಿರಿ, ನಾನೂ ಹಾಗೆಯೇ ಬರೆದೆ. ಬಂದ ತಿಂಗಳು ಮನೆಯಲ್ಲಿ ಹಂದಿತೊಡೆಯ ದೊಡ್ಡ ತುಂಡೊಂದು ಕಳುವಾಗಿತ್ತು. ಟಿಲ್ಡಾ ಮೊದಲ ಆಲೂಗಡ್ಡೆಯನ್ನು ಕೈಗೆತ್ತಿಕೊಂಡಿದ್ದಳಷ್ಟೇ, ತಾವು ಗೋಡೆಯಾಚೆ ನೋಡುವ ಕಣ್ಣಿನಿಂದ ನೋಡಿ, ಮಾಂಸ ಅಲ್ಲಿ ತಂಗಿದ್ದ ಹಡಗಿನ ಅಡುಗೆಭಟ್ಟನ ಪೆಟ್ಟಿಗೆಯಲ್ಲಿದೆ ಎಂದುಬಿಟ್ಟಿರಿ. ಕಥೆ ನಾಲ್ಕನೇ ಸಾಲಿಗೆ ಮುಗಿಯಿತು. ತಮಗೆ ಗೊತ್ತಿಲ್ಲ ಸ್ವಾಮಿ, ಎರಡು ಪುಟ ತುಂಬದಿದ್ದರೆ ಅಂಚೆಯವರು ಒಪ್ಪುವುದಿಲ್ಲ. ಉಳಿದ ಜಾಗವನ್ನೆಲ್ಲ ನಾನು ಬಂದರಿನ ಮಂಜಿನ ವರ್ಣನೆಯಿಂದ ತುಂಬಿಸಿದೆ, ಅಷ್ಟು ಮಂಜು ನಿಜವಾಗಿ ಬಿದ್ದಿದ್ದರೆ ಹಡಗುಗಳು ಊರೊಳಗೆ ಬರುತ್ತಿದ್ದವು. ಮೇಲಾಗಿ ತಮ್ಮ ತೋಳು, ತಮ್ಮ ದವಡೆ, ತಾವು ಗುದ್ದಿದಾಗ ಏಳುವ ನಕ್ಷತ್ರಗಳು, ಇವೆಲ್ಲ ಚಿತ್ರದಲ್ಲಿ ಶೋಭಿಸುವಂಥವು. ಬರಹದಲ್ಲಿ ಮನುಷ್ಯ ಏನಾದರೂ ಮಾತಾಡಬೇಕಾಗುತ್ತದೆ. ತಾವು ಊಟದ ಮೇಜಿನಲ್ಲಿ ನ್ಯಾಯದ ಬಗ್ಗೆ ಆಡಿದ ಮಾತನ್ನು ಕೇಳಿ ಇಬ್ಬರು ನಾವಿಕರು ಮನೆ ಬದಲಾಯಿಸಿದರು.

ಇಷ್ಟಾದರೂ ಸಹಿಸಿಕೊಂಡಿದ್ದೆ. ಆದರೆ ಕಳೆದ ಮಂಗಳವಾರ ಮಾಲೀಕರ ತಾಯಿ ಫ್ರೂಮಾ ಝೆಲ್ನಿಕ್ ಅವರು ಉಪ್ಪುಹಾಕಿದ ಮೀನಿನ ಭರಣಿ ಹಿಡಿದು ಕಚೇರಿಗೆ ಬಂದರು. ಚಿತ್ರಗಳೆಂದರೆ ಚಿಕ್ಕಮಕ್ಕಳ ಗೀಚಾಟ ಎಂದು ನಂಬಿರುವ ಆ ಮುದುಕಿ ಒಂಬತ್ತು ವರ್ಷದಿಂದ ಮಗನ ಪತ್ರಿಕೆಯಲ್ಲಿ ಅಕ್ಷರವಿದ್ದ ಎರಡು ಪುಟಗಳನ್ನು ಮಾತ್ರ ಓದಿಕೊಂಡು, ಅದರಿಂದಲೇ ಈ ದೇಶದ ಭಾಷೆ ಕಲಿತಿದ್ದಾರೆಂಬುದು ಆ ದಿನದವರೆಗೆ ನನಗೆ ತಿಳಿದಿರಲಿಲ್ಲ. ನನಗೂ ಒಬ್ಬ ಓದುಗರಿದ್ದಾರೆಂದು ತಿಳಿದ ಆ ಗಳಿಗೆಯಲ್ಲಿ ನನ್ನ ಕಣ್ಣು ತುಂಬಿಬಂತು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಕೆ ಭರಣಿಯನ್ನು ಹಂದಿಮರಿಗಳ ಚಿತ್ರದ ಮೇಲೆಯೇ ಕುಕ್ಕಿ ಕೇಳಿದರು, "ಹೈಮೀ, ಟಿಲ್ಡಾ ಮನೇಲಿ ಚಡ್ಡೀಲೇ ಓಡಾಡ್ತಾನಲ್ಲ, ಯಾರೋ ಅವ್ನು?" ಝೆಲ್ನಿಕ್ ಅವರು ಎದ್ದು ನಿಂತು, "ಅಮ್ಮಾ, ಅವ್ನು ಮೇಜರ್ ಟೊರ್ನೇಡೊ. ದೇಶಾನೇ ಉಳಿಸ್ದೋನು" ಎಂದರು. "ದೇಶ ಉಳಿಸಿದ್ರೆ ಪ್ಯಾಂಟ್ ಹಾಕ್ಕೋಬಾರ್ದು ಅಂತ ಏನಾದ್ರೂ ಇದ್ಯಾ? ಗಂಡ ಸತ್ತ ಹೆಂಗ್ಸು, ಮರ್ಯಾದಸ್ಥೆ. ಅಕ್ಕಪಕ್ಕದೋರು ಏನಂದ್ಕೋತಾರೆ? ಒಂದೋ ಅವ್ಳನ್ನ ಮದ್ವೆ ಆಗ್ಲಿ, ಇಲ್ಲಾಂದ್ರೆ ಗಂಟುಮೂಟೆ ಕಟ್ಲಿ."

ಗಂಟುಮೂಟೆ ಕಟ್ಟುವ ಸಲಹೆಯನ್ನು ಅನುಮೋದಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಝೆಲ್ನಿಕ್ ಅವರ ಮುಖದಲ್ಲಿ ಬೆಳಕು ಮೂಡಿತು. ಅಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟು, "ಮದ್ವೆ ಉಂಗುರ! ಡೂಲನ್, ಮಿಕ್ಕಿರೋದೆಲ್ಲ ಮದ್ವೆ ಉಂಗುರ ಅಂತ ಮಾರಣ. ಶುಕ್ರವಾರ ಅಚ್ಚಿಗೆ ಹೋಗೋ ಕಥೇಲಿ ಅವ್ನು ಅವ್ಳನ್ನ ಕೇಳ್ಬೇಕು, ಮುಂದಿನ ಸಂಚಿಕೇಲಿ ಅವ್ಳು ಹೂಂ ಅನ್ಬೇಕು" ಎಂದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಯಾಕಯ್ಯ ಬಿಳಿಚ್ಕೊಂಡೆ? ನಿನ್ನ ತಂಗೀನ ಕೊಡು ಅಂತ ಕೇಳಿದ್ನಾ?" ಎಂದೂ ವಿಚಾರಿಸಿದರು.

ಮಾನ್ಯರೇ, ಇನ್ನು ಮುಚ್ಚಿಟ್ಟು ಫಲವಿಲ್ಲ. ಟಿಲ್ಡಾಳ ಗಂಡನನ್ನು ಮೊಟ್ಟಮೊದಲ ಕಥೆಯ ಮೊದಲ ವಾಕ್ಯದಲ್ಲೇ ಸಮುದ್ರಪಾಲು ಮಾಡಿದವನು ನಾನು. ಕಥೆಯ ಅನುಕೂಲಕ್ಕಾಗಿ ಎಂದು ಅಂದುಕೊಂಡಿದ್ದೆ. ಆಕೆಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ಅದನ್ನು ಎಲ್ಲೂ ಬರೆದಿಲ್ಲ, ನನಗೊಬ್ಬನಿಗೇ ಗೊತ್ತು. ನನ್ನ ಬಾಡಿಗೆ ಕೋಣೆಯಲ್ಲಿ ಡಬ್ಬಿಯ ಹುರುಳಿಬೀಜ ಬಿಸಿಮಾಡಿ ತಿನ್ನುವಾಗ, ಇವತ್ತು ಅವಳು ಏನು ಮಾಡಿರಬಹುದು ಎಂದು ಯೋಚಿಸಿಯೇ ತುತ್ತು ಇಳಿಯುವುದು. ಇಷ್ಟು ವರ್ಷ ನಾನೇ ಅವಳನ್ನು ಕೇಳಲಿಲ್ಲ. ಧೈರ್ಯ ಬರಲಿಲ್ಲ. ಈಗ ನನ್ನ ಕೈಯಿಂದಲೇ, ತಮ್ಮ ಪರವಾಗಿ, ತಮ್ಮ ಬಾಯಿಗೆ ಹೊಂದುವ ಮಾತುಗಳಲ್ಲಿ ಅವಳನ್ನು ಕೇಳಬೇಕಂತೆ.

ಆದಕಾರಣ ತಮ್ಮಂಥ ಮಹಾನುಭಾವರಲ್ಲಿ ಈ ಬಡವನ ಕೋರಿಕೆ ಇಷ್ಟೇ. ತಾವು ದಯಮಾಡಿ ಶುಕ್ರವಾರದೊಳಗೆ ಸೋಲಬೇಕು. ತಮ್ಮ ಹಳೆಯ ವೈರಿಗಳಲ್ಲಿ ಯಾರು ಬಿಡುವಾಗಿದ್ದಾರೋ ಅವರ ಕೈಗೆ ಸೌಜನ್ಯದಿಂದ ಸಿಕ್ಕಿಬೀಳಬೇಕು. ಅದಾಗದಿದ್ದರೆ ತಮ್ಮ ಗ್ರಹದಲ್ಲಿ ಯಾರಾದರೂ ಸೋದರಮಾವನ ಮಗಳು ತಮಗಾಗಿ ಕಾದು ಕುಳಿತಿರುವುದು ಥಟ್ಟನೆ ನೆನಪಾಗಬೇಕು. ಅದೂ ಆಗದಿದ್ದರೆ ಹೋಗಿ ಲ್ಯಾಂಕಿ ಹಾಬ್ಸ್‌ನ ಪಕ್ಕದ ಬೇರನ್ನು ಹಿಡಿದುಕೊಂಡು ನೇತಾಡಬೇಕು, ಅವನಿಗೂ ಮಾತಿಗೊಬ್ಬರು ಸಿಕ್ಕಂತಾಗುತ್ತದೆ. ತಮಗೆ ಇಡೀ ಆಕಾಶವಿದೆ, ಒಂದು ಕಾಲಕ್ಕೆ ಪುಸ್ತಕವೂ ಇತ್ತು. ನನಗಿರುವುದು ಎರಡು ಪುಟ, ಅದರೊಳಗೆ ಒಂದು ಅಡುಗೆಮನೆ.

ತಮ್ಮ ಬಲಾಢ್ಯ ತೋಳುಗಳಿಗೆ ಸದಾ ಆಯುಸ್ಸನ್ನೂ, ಆ ತೋಳುಗಳಿಗೆ ಬೇರೆ ಕಡೆ ಕೆಲಸವನ್ನೂ ಹಾರೈಸುತ್ತಾ,

ಒಂದೇ ಸೂರಿನಡಿ ಬಿದ್ದಿರುವ
ತಮ್ಮ ವಿಶ್ವಾಸಿ,
ಕಾರ್ನಿಲಿಯಸ್ ಡೂಲನ್

ಮರೆತ ಮಾತು: ಅಪ್ಪಣೆಯಾದಂತೆ ತಾವು ಅವಳನ್ನು ಮದುವೆಗೆ ಕೇಳುವ ಕಥೆಯನ್ನು ನಿನ್ನೆ ಬರೆದು ಮುಗಿಸಿ ಅಚ್ಚಿಗೆ ಕೊಟ್ಟಿದ್ದೇನೆ. ತಾವು ಮಂಡಿಯೂರಿ ಬಹಳ ಚೆನ್ನಾಗಿಯೇ ಮಾತಾಡಿದ್ದೀರಿ, ತಮ್ಮ ಪಾಲಿಗೆ ಒಂದೂವರೆ ಪುಟ ಧಾರಾಳವಾಗಿ ಕೊಟ್ಟಿದ್ದೇನೆ. ಟಿಲ್ಡಾ ಚಾಕು ಕೆಳಗಿಟ್ಟು ಕೊನೆಯವರೆಗೂ ಕೇಳಿದಳು. "ಮೊದ್ಲು ಒಂದು ಪ್ಯಾಂಟ್ ಹಾಕ್ಕೊಂಡ್ಬನ್ನಿ, ಆಮೇಲೆ ಮಾತಾಡೋಣ" ಎಂದಳು. ತಾವು ಆ ಕ್ಷಣವೇ ಕಿಟಕಿಯಿಂದ ಹಾರಿದಿರಿ. ಯುದ್ಧದಿಂದ ಮರಳಿದ ಸೈನಿಕರೆಲ್ಲ ಒಮ್ಮೆಗೇ ಅಂಗಡಿಗಳಿಗೆ ನುಗ್ಗಿರುವುದರಿಂದ ಈ ಊರಿನಲ್ಲಿ ಈ ವರ್ಷ ಪ್ಯಾಂಟ್ ಸಿಗುವ ಲಕ್ಷಣವಿಲ್ಲ, ತಮ್ಮ ಅಳತೆಗಂತೂ ಖಂಡಿತ ಇಲ್ಲ. ಕಿಟಕಿ ಮುಚ್ಚಿದ ಮೇಲೆ ಕೊನೆಯಲ್ಲಿ ಮೂರು ಸಾಲು ಉಳಿದಿತ್ತು. ಅದರಲ್ಲಿ ಮೂರನೇ ಮಹಡಿಯ ಖಾಲಿ ಕೋಣೆಗೆ ಹೊಸಬನೊಬ್ಬ ಬಂದಿದ್ದಾನೆ. ಕೈಯಲ್ಲಿ ಬೆರಳಚ್ಚು ಯಂತ್ರವಿದೆ, ಬಾಗಿಲು ತಟ್ಟಿಯೇ ಒಳಗೆ ಬಂದ, ಪ್ಯಾಂಟ್ ಹಾಕಿಕೊಂಡಿದ್ದಾನೆ.