ಸ್ಕ್ರೂ ಡಬ್ಬಿಯ ಆಯುಧಪೂಜೆ

ಎಲ್ಲ ತೊಂದರೆಗೂ ಮೂಲ ಎರಡಂಗುಲದ ಒಂದು ಲೇಬಲ್. ಔಷಧ ಪ್ರಯೋಗಾಲಯವೊಂದರಲ್ಲಿ ದುಡಿಯುತ್ತ, ಶೀಶೆಗಳಿಗೆ ಲೇಬಲ್ ಹಚ್ಚುವುದೇ ಧರ್ಮವೆಂದು ನಂಬಿದ್ದ ಅಮೆರಿಕದ ಫೋರ್ಟ್ ಮಿಲ್‌ನ ಭುಜಂಗ ಜೀವಮಾನದಲ್ಲಿ ಬರೆದ ಒಂದೇ ಸುಳ್ಳು ಲೇಬಲ್ ಅದು: ‘ಸ್ಕ್ರೂಗಳು’. ಅದನ್ನು ಹಚ್ಚಿದ್ದ ಹಸಿರು ಉಕ್ಕಿನ ಡಬ್ಬಿಯಲ್ಲಿ ಅವನು ತುಂಬಿದ್ದದ್ದು ಒಂದು ಸಾವಿರ ರೈಫಲ್ ತೋಟೆಗಳನ್ನು.

ರೈಫಲ್ ಮಾತ್ರ ಇರಲಿಲ್ಲ. ಗುರಿ ಹೊಡೆಯುವ ಕ್ಲಬ್ಬಿಗೆಂದು ಒಂದು ಕೊಳ್ಳಲೇ ಎಂದು ಕೇಳಿದ್ದಕ್ಕೆ ಹೆಂಡತಿ ಅಪೂರ್ವಾ, ದಸರಾ ಕಳೆಯಲಿ, ಹೇಳುತ್ತೇನೆ ಎಂದಿದ್ದಳು. ಇತ್ತ ಸಹೋದ್ಯೋಗಿಗಳು, 2008ರ ಚುನಾವಣೆ ಮುಗಿದರೆ ಬಂದೂಕಿನ ಕಾನೂನು ಬಿಗಿಯಾಗಿ ತೋಟೆ ಕಣ್ಣಿಗೂ ಸಿಗದೆಂದು ಹೆದರಿಸಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಭುಜಂಗ ಬೇಸಿಗೆಯಲ್ಲೇ ತೋಟೆ ಕೊಂಡು, ಮದ್ದುಗುಂಡಿನ ಅಂಗಡಿಯಲ್ಲಿ ತೋಟೆಗೆಂದೇ ಮಾರುವ, ಗಾಳಿಯಾಡದ ಆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳ ಸಮೇತ ಮುಚ್ಚಿ, ಗರಾಜಿನ ತಂಪು ಮೂಲೆಯಲ್ಲಿಟ್ಟಿದ್ದ. ಮೂವತ್ತು ವರ್ಷ ಕೆಡಬಾರದೆಂಬುದು ಅವನ ಲೆಕ್ಕ. ಅಪೂರ್ವಾಗೆ ತಿಳಿದರೆ ರೈಫಲ್ಲಿನ ಮಾತು ಅಲ್ಲಿಗೇ ಮುಗಿಯಿತೆಂಬುದೂ ಆ ಲೆಕ್ಕದಲ್ಲಿತ್ತು.

ವಾರದ ನಡುವೆ ಬಂದಿದ್ದ ಆಯುಧಪೂಜೆಯನ್ನು ಶನಿವಾರಕ್ಕೆ ತಳ್ಳಲಾಗಿತ್ತು. ಜೂನಿನಲ್ಲಿ ಕುಂದಾಪುರದಿಂದ ಬಂದಿದ್ದ ಅತ್ತೆ ಶಾಂತಾಬಾಯಿ ಬೆಳಿಗ್ಗೆಯೇ ಅಪ್ಪಣೆ ಹೊರಡಿಸಿದರು.

“ಗರಾಜಿನಲ್ಲಿ ಕಬ್ಬಿಣದ್ದು ಏನೆಲ್ಲ ಉಂಟೋ ಎಲ್ಲ ಬರಲಿ, ಅಳಿಯಂದಿರೇ. ಆ ಸ್ಕ್ರೂ ಡಬ್ಬಿಯೂ.”

ಭುಜಂಗ ಡಬ್ಬಿಯನ್ನು ಎದೆಗವಚಿಕೊಂಡು ಹಿಂಬಾಗಿಲಿಂದ ಹೊರಬಿದ್ದ. ಅದು ಹಗುರವೆನಿಸಿತು. ತೇವವನ್ನೆಲ್ಲ ಹೀರಿದ ಸಿಲಿಕಾಕ್ಕೆ ಮನಸ್ಸಿನಲ್ಲೇ ಕೃತಜ್ಞತೆ ಸಲ್ಲಿಸಿದ.

ಮೈಸೂರಿನ ದಸರಾ ನೋಡಿ ಬೆಳೆದ ಪಕ್ಕದ ಮನೆಯ ಕಲೀಮುಲ್ಲಾ, ಪೂಜೆಯ ಸಾಲಿನಲ್ಲಿ ನಿಲ್ಲಿಸಲೆಂದು ತನ್ನ ಕಾರನ್ನು ತೊಳೆಯುತ್ತಿದ್ದ. “ಏನ್ರೀ ಭುಜಂಗ, ಸ್ಕ್ರೂ ಡಬ್ಬಿನ ಬಾಣಂತಿ ಮಗೂನ ಅಪ್ಕೊಂಡಂಗೆ ಅಪ್ಕೊಂಡಿದೀರಾ?”

ಭುಜಂಗ ಪಿಸುದನಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ.

“ಟೆನ್ಶನ್ ಬೇಡ. ನನ್ನ ಗರಾಜಲ್ಲಿರ್ಲಿ, ಯಾರಿಗೂ ಹೇಳಲ್ಲ.”

ಭುಜಂಗನ ಕಣ್ಣು ತುಂಬಿ ಬಂತು. ಮನೆಗೆ ಮರಳಿ, ಡಬ್ಬಿಯನ್ನು ಕಲೀಮುಲ್ಲಾ ಎರವಲು ಒಯ್ದರೆಂದು ಅತ್ತೆಗೆ ತಿಳಿಸಿದ.

ಆ ನೆಮ್ಮದಿ ಬಾಳಿದ್ದು ಇಪ್ಪತ್ತು ನಿಮಿಷ. ಕಲೀಮುಲ್ಲಾ ಮಾತಿಗೆ ತಪ್ಪದೆ, ಹೆಂಡತಿ ಶಮ್ಸುನ್ನೀಸಾಗೂ ಹೇಳಿರಲಿಲ್ಲ. ಅದೇ ಎಡವಟ್ಟಾಯಿತು. ಕೇರಿಗೆಲ್ಲ ಪರಿಚಿತವಾದ ಭುಜಂಗನ ಅಕ್ಷರವನ್ನು ತನ್ನ ಗರಾಜಿನಲ್ಲಿ ಕಂಡ ಶಮ್ಸುನ್ನೀಸಾ, ಡಬ್ಬಿಯನ್ನು ತಾನೇ ತಂದು ದೇವರ ಮುಂದಿಟ್ಟಳು.

“ತಂದಿದ್ದನ್ನ ವಾಪಸ್ ಕೊಡೋ ಅಭ್ಯಾಸಾನೇ ಇಲ್ಲ ಇವ್ರಿಗೆ. ಸಾರಿ, ಆಂಟಿ.”

ಕಲೀಮುಲ್ಲಾ ಸೂರು ನೋಡುತ್ತ ನಿಂತ. ಡಬ್ಬಿಗೆ ಕುಂಕುಮ ಬಿತ್ತು, ಆರತಿಯೂ ಆಯಿತು. ಬಳಿಕ ಶಾಂತಾಬಾಯಿ ಅದರ ಕೊಂಡಿಗೆ ಕೈಹಾಕಿದರು. ಭುಜಂಗ ಕಣ್ಣು ಮುಚ್ಚಿಕೊಂಡ. ಟಪ್ಪೆಂದು ಮುಚ್ಚಳ ತೆರೆಯಿತು. ಮೂಗಿಗೆ ಇಂಗಿನ ವಾಸನೆ ಬಡಿಯಿತು.

ಡಬ್ಬಿಯ ತುಂಬ ಬೂದುಗುಂಬಳದ ಸಂಡಿಗೆ.

“ಎಣ್ಣೆ ಇಡು, ಅಪೂರ್ವಾ,” ಎಂದರು ಅತ್ತೆ.

ಭುಜಂಗ ಒಂದೇ ಉಸಿರಿಗೆ ಕುಲದೇವರನ್ನೂ ಅತ್ತೆಯನ್ನೂ ಅವರಿಗೆ ವೀಸಾ ಕೊಟ್ಟ ಅಧಿಕಾರಿಯನ್ನೂ ನೆನೆದು ಕೈಮುಗಿದ. ಆದರೆ ಪ್ರಯೋಗಾಲಯದ ಶಿಸ್ತು ಬಿಡಬೇಕಲ್ಲ. ಸಾಮಗ್ರಿಯೊಂದು ಪತ್ತೆಯಿಲ್ಲದಿದ್ದರೆ ಅವನಿಗೆ ತಡೆಯದು. “ಹಾಗಾದ್ರೆ ಒಳಗಿದ್ದ ತೋಟೆ ಎಲ್ಲಿ, ಅತ್ತೆ?” ಎಂದು ಬಾಯಿ ಜಾರಿತು.

ಒಲೆಯ ಕಡೆ ಹೊರಟಿದ್ದ ಅಪೂರ್ವಾ ನಿಂತಳು. “ಯಾವ ತೋಟೆ?”

ಶಾಂತಾಬಾಯಿ ದೇವರ ಮುಂದಿದ್ದ ಹರಿವಾಣದ ಮೇಲಿನ ಚೆಂಡುಹೂ ಸರಿಸಿದರು. ಸಾವಿರ ತೋಟೆಗಳೂ ಕುಂಕುಮ ಧರಿಸಿ, ಶಾಲೆಯ ಮಕ್ಕಳಂತೆ ಸಾಲುಗಟ್ಟಿ ನಿಂತಿದ್ದವು.

“ಸಂಡಿಗೆ ಇಡಲಿಕ್ಕೆ ಗಟ್ಟಿ ಡಬ್ಬಿ ಹುಡುಕುವಾಗ ಸಿಕ್ಕಿದ್ದು. ನಮ್ಮ ಯಜಮಾನರ ಕೋವಿಯ ತೋಟೆ ಇಪ್ಪತ್ತು ವರ್ಷ ಅಟ್ಟದ ಮಡಕೆಯಲ್ಲಿತ್ತು, ಏನೂ ಆಗಲಿಲ್ಲ. ಕಾರ್ತಿಂಗಳ ಮಳೆಯಲ್ಲಿ ಅದೇ ಮಡಕೆಯಲ್ಲಿ ಸಂಡಿಗೆ ಇಡಿ ನೋಡುವ, ಮಾರಾಯ್ರೆ. ಒಳ್ಳೆ ಡಬ್ಬಿ ಯಾವುದಕ್ಕೆ ಬೇಕು, ನೀವೇ ಹೇಳಿ.”

ಊಟದಲ್ಲಿ ಸಂಡಿಗೆ ಕರುಂ ಎಂದ ಸದ್ದಿಗೆ ಶಮ್ಸುನ್ನೀಸಾ ತನಗೂ ಎರಡು ಡಬ್ಬಿ ತುಂಬ ಬೇಕೆಂದಳು. ಪೂಜೆಗೆ ಬಂದಿದ್ದ ಉಳಿದ ಅತಿಥಿಗಳೂ ದನಿಗೂಡಿಸಿದರು. ಅಪೂರ್ವಾ ತೀರ್ಪನ್ನು ಚುಟುಕಾಗಿಯೇ ಕೊಟ್ಟಳು: “ರೈಫಲ್ ಇಲ್ಲ ರೀ. ಡಬ್ಬಿ ತನ್ನಿ, ಹನ್ನೆರಡು.” ಅಷ್ಟರಲ್ಲೇ ಮುಗಿಸಿದಳಲ್ಲ ಎಂದು ಭುಜಂಗ ಅವಳಿಗೂ ಕೃತಜ್ಞನಾದ.

ಸಂಜೆ ಮದ್ದುಗುಂಡಿನ ಅಂಗಡಿಯವನು ಭುಜಂಗ ಆರಿಸಿ ಮುಂದಿಟ್ಟ ಹನ್ನೆರಡು ಖಾಲಿ ಡಬ್ಬಿಗಳನ್ನು ಕಂಡು ಎದ್ದು ನಿಂತ. ಮನೆಯಲ್ಲಿ ಎಷ್ಟು ರೈಫಲ್‌ಗಳಿವೆಯೆಂದು ಭಕ್ತಿಯಿಂದ ವಿಚಾರಿಸಿದ.

ಒಂದೂ ಇಲ್ಲವೆಂದ ಭುಜಂಗ.

ಅಂಗಡಿಯವನು ಅತ್ತಿತ್ತ ನೋಡಿ, ಹಾಗೇ ಹೇಳಬೇಕು ಎಂದು ಕಣ್ಣು ಮಿಟುಕಿಸಿ, ಡಬ್ಬಿಗಳನ್ನು ತಾನೇ ಹೊತ್ತು ಕಾರಿಗೆ ಮುಟ್ಟಿಸಿದ.