ಮಡ್‌ಗಾರ್ಡಿನ ಕ್ಷೌರ

ಇನ್ನು ಮುಂದೆ ಗ್ಯಾರೇಜಿನ ಉಮೇಶನ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ ಎಂದು ನಾನು ಘೋಷಿಸಿದ್ದು ಭಾನುವಾರ ಬೆಳಿಗ್ಗೆ, ಚಹಾ ಕುಡಿಯುತ್ತ. ನನ್ನದು ನಮ್ಮ ಮದುವೆಯ ವರ್ಷ ಕೊಂಡ ಬೈಕು. ಅದರ ಹಿಂದಿನ ಮಡ್‌ಗಾರ್ಡಿನ ಅಂಚನ್ನು ನಮ್ಮೂರು ಕೇಣಿಯ ಕಡಲಿನ ಉಪ್ಪುಗಾಳಿ ಹಪ್ಪಳದ ಹಾಗೆ ಮುರಿದು ತಿಂದಿತ್ತು. ತುಕ್ಕಿನಷ್ಟನ್ನು ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು, ಹೆಂಡತಿ ಸುನೀತಾಳನ್ನು ಕೂರಿಸಿಕೊಂಡು ತೋಡೂರಿನ ಅವಳ ತವರಿಗೆ ಹೋಗಬೇಕು, ಹೊಸತರಲ್ಲಿ ಹೋಗುತ್ತಿದ್ದ ಹಾಗೇ! ಆಗ ಆ ದಾರಿ ಮುಗಿಯುವುದೇ ಬೇಡ ಅನ್ನಿಸುತ್ತಿತ್ತು. ಈಗ ಅವಳು ಬಸ್ಸಿನಲ್ಲಿ ಹೋಗುತ್ತಾಳೆ, ನಾನು ಹಿಂದಿನಿಂದ ಬೈಕಿನಲ್ಲಿ ಅವಳ ಚೀಲ ತರುತ್ತೇನೆ. ನನಗದು ಬಹಳ ಬೇಸರ.

"ಉಮೇಶನ ಹತ್ರನೇ ಕೊಡಿ. ನೀವು ತೆಂಗಿನಕಾಯಿ ಒಡೆದ್ರೂ ಸಮಾ ಹೋಳಾಗೂದಿಲ್ಲ," ಎಂದಳು ಸುನೀತಾ.

ನಾನು ಅಂಕೋಲೆಗೆ ಹೊರಟೆ. ತಗಡು ಕತ್ತರಿ ಅಂಚನ್ನು ಸೊಟ್ಟ ಮಾಡುತ್ತದೆ. ಹ್ಯಾಕ್ಸಾ ಬ್ಲೇಡು ನೇರ ಹೋದರೂ ಸಂಜೆ ಮಾಡುತ್ತದೆ. ಯುದ್ಧಕ್ಕೆ ಹೊರಟವನಿಗೆ ಇವೆಲ್ಲ ಯಾಕೆ? ಕಬ್ಬಿಣ ಕೊಯ್ಯುವ ಕರೆಂಟಿನ ಗ್ರೈಂಡರನ್ನೇ ಕೊಂಡೆ!

ಕಿಡಿ ಹಾರಿತು. ಎಡಗಡೆ ತಗಡು ಒಂದು ಬೆರಳಗಲ ಹೆಚ್ಚು ಹೋಯಿತು. ಅದಕ್ಕೆ ಸರಿಯಾಗಲಿ ಎಂದು ಬಲಗಡೆ ಕತ್ತರಿಸಿದೆ, ಬಲಗಡೆ ಎರಡು ಬೆರಳಗಲ ಹೋಯಿತು. ಹೀಗೆ ಎಡಬಲಗಳಿಗೆ ನ್ಯಾಯ ಒದಗಿಸುವಷ್ಟರಲ್ಲಿ ಉಳಿದದ್ದು ಅಂಗೈಯಗಲ. ನೆಲೆ ತಪ್ಪಿದ ನಂಬರ್ ಪ್ಲೇಟನ್ನು ಸೀಟಿನ ಕೆಳಗೆ ತಂತಿಯಲ್ಲಿ ಕಟ್ಟಿದೆ.

"ಇದೆಂತದು?"

"ಸ್ಪೋರ್ಟ್ಸ್ ಮಾಡೆಲ್."

"ಕ್ಷೌರ ಮಾಡೂಕೆ ಕೂತು ಕಿವಿನೂ ತೆಗೆದ್ರಿ."

ಎಮರಿ ಕಾಗದ ಉಜ್ಜಿ, ಕಪ್ಪು ಬಣ್ಣ ಹೊಡೆದು ಅಂಗಳದಲ್ಲಿ ಒಣಗಲು ಇಟ್ಟೆ. ಅಲ್ಲೇ ಪಕ್ಕದಲ್ಲಿ ಸುನೀತಾ ಸೀಗಡಿ ಒಣಗಿಸಿದ್ದಳು. ಗಾಳಿ ಬೀಸಿತು. ಹಸಿ ಬಣ್ಣದ ತುಂಬ ಸೀಗಡಿ! ಸಂಜೆಯವರೆಗೂ ಒಂದೊಂದನ್ನೇ ಕೀಳುತ್ತ ಕೂತೆ.

ನನ್ನ ಮೋರೆ ನೋಡಿ ಅವಳಿಗೆ ಕನಿಕರ ಹುಟ್ಟಿತೋ ಏನೋ, ಮರುದಿನ ಹಸಿರು ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಬೈಕು ಹತ್ತಿದಳು. ನಾನು ಮತ್ತೆ ಮದುಮಗನಾದೆ.

ಬೇಲೆಕೇರಿ ಕ್ರಾಸಿನ ಹತ್ತಿರ ಮೀನಿನ ಲಾರಿಯೊಂದು ನೀರು ಸುರಿಸುತ್ತ ಮುಂದೆ ಹೋಯಿತು. ಲಾರಿಯ ನೀರು ರಸ್ತೆಗೆ, ರಸ್ತೆಯದು ಟೈರಿಗೆ, ಟೈರಿನದು, ತಡೆಯಲು ಮಡ್‌ಗಾರ್ಡೇ ಇಲ್ಲವಲ್ಲ, ಸೀದಾ ಸುನೀತಾಳ ಬೆನ್ನಿಗೆ!

"ನಿಲ್ಸಿ," ಎಂದಳು. ಇಳಿದವಳೇ ಕಾರವಾರದ ಬಸ್ಸಿಗೆ ಕೈ ಮಾಡಿದಳು. ಬಾಗಿಲು ತೆಗೆದ ಕಂಡಕ್ಟರ್ ಮೂಗು ಅರಳಿಸಿದ.

"ಅಮ್ಮಾ, ಮೀನ್ ಬುಟ್ಟಿ ಹತ್ಸೂಕಾಗೂದಿಲ್ಲ."

"ಬುಟ್ಟಿ ಎಲ್ಲದೆ?"

ಅವನು ಅವಳ ಹಿಂದೆ ಮುಂದೆ ಹುಡುಕಿದ. ಸಿಗಲಿಲ್ಲ. ಆದರೂ ಸೀಟಿ ಊದಿಬಿಟ್ಟ.

ಸುನೀತಾ ಕುತ್ತಿಗೆ, ಬೆನ್ನು ಒರೆಸಿಕೊಳ್ಳುತ್ತ ಬಂದು ಹಿಂದೆ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅವಳ ಕೈ ಮೆಲ್ಲಗೆ ನನ್ನ ಬೆನ್ನಿಗೆ ಬಂತು. ಎಷ್ಟು ವರ್ಷವಾಗಿತ್ತು! ಬೆನ್ನು ಸವರಿತು, ಹೆಗಲು ಸವರಿತು. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿತು. ಬೈಕಿನ ವೇಗ ಇಳಿಸಿದೆ.

"ಸುನೀ, ಹಳೇದೆಲ್ಲ ನೆನಪಾಯ್ತೇ?"

"ಮುಂದೆ ನೋಡಿ ಬಿಡಿ. ನಿಮ್ಮ ಅಂಗಿಗೆ ಕೈ ಒರೆಸ್ಕಳ್ತೆ ಇದ್ದೆ, ಅಷ್ಟೇ."