ನನ್ನ ಸ್ಕೂಟರ್ ಹಿಂದೆ ಬಂದ ದಿಬ್ಬಣ

ಸುಮ್ಮನೆ ಹೋಗಿ ಸುಮ್ಮನೆ ಬರುವ ಭಾಗ್ಯ ನನ್ನ ಸ್ಕೂಟರಿಗೆ ಇಲ್ಲವೇ ಇಲ್ಲ. ಹಿರಿಯೂರಿನಲ್ಲಿ ಹೈಸ್ಕೂಲ್ ಟೀಚರಾಗಿರುವ ನಾನು ನಲವತ್ತೆಂಟನೇ ವಯಸ್ಸಿನಲ್ಲಿ ಅದನ್ನು ಓಡಿಸಲು ಕಲಿತೆ. ಅಂದಿನಿಂದ ಹಾದೀಲಿ ಹೋಗೋ ಮಾರಿಯೆಲ್ಲ ನನ್ನ ಗಾಡಿಯನ್ನೇ ಹತ್ತುತ್ತದೆ. ಈಚೆಗೆ ಅಕ್ಕನ ಮಗನ ಮದುವೆ ಬಂತು. ಅಕ್ಕನ ಮನೆ ಆದಿವಾಲದಲ್ಲಿ, ಛತ್ರ ಹಿರಿಯೂರಿನಲ್ಲಿ. "ನೀ ಗಾಡಿ ಇಟ್ಕಂಡೀಯಲ್ಲ, ಓಡಾಟ ಎಲ್ಲ ನಿಂದೇ" ಎಂದಳು ಅಕ್ಕ. ನಾನೂ ಉಬ್ಬಿಹೋಗಿ ಒಪ್ಪಿಕೊಂಡೆ.

ಟಿಕೀಟು

ಲಗ್ನಪತ್ರಿಕೆ ಹಂಚಲು ಹೊರಟಿದ್ದೆ. ಹರಿಯಬ್ಬೆ ಕಡೆಯ ಬಸ್ ಸ್ಟಾಪಿನಲ್ಲಿ ಅಜ್ಜಿಯೊಬ್ಬರು ರಸ್ತೆಗೇ ಬಂದು ಕೈ ಅಡ್ಡ ಹಾಕಿದರು. ಹತ್ತಿಸಿಕೊಂಡೆ. ಅವರ ಊರು ಬಂದಾಗ ಇಳಿದು, ಸೊಂಟದ ಚೀಲದಿಂದ ಆಧಾರ್ ಕಾರ್ಡ್ ತೆಗೆದು ನನ್ನ ಮುಂದೆ ಹಿಡಿದರು.

"ಇದ್ಯಾಕಜ್ಜಿ?"

"ಹೆಣ್ಮಕ್ಳಿಗೆ ಫ್ರೀ ಅಲ್ವೇನವ್ವ? ನೋಡ್ಕಂಡು ಟಿಕೀಟ್ ಹರ್ದ್ ಕೊಡು."

"ಇದು ನನ್ನ ಸ್ವಂತ ಗಾಡಿ ಅಜ್ಜಿ, ಇದ್ರಾಗೆ ಟಿಕೀಟಿಲ್ಲ."

ಅಜ್ಜಿ ಸ್ವಲ್ಪ ಯೋಚಿಸಿ ಕಾರ್ಡನ್ನು ಒಳಗಿಟ್ಟರು. "ಬಸ್ಸಿಗಿಂತ ಇದೇ ವಾಸಿ ಬಿಡವ್ವ, ಸೀಟಾರ ಸಿಕ್ತೈತೆ. ನಾಳೀಕೂ ಇದೇ ಟೈಮಿಗೆ ಬಾ."

ಹೆಲ್ಮೆಟ್

ಮದುವೆಯ ಚಿತ್ರಾನ್ನಕ್ಕೆಂದು ಸಂತೆಯಲ್ಲಿ ನೂರು ನಿಂಬೆಹಣ್ಣು ಕೊಂಡೆ. ಚೀಲ ಕಿತ್ತುಹೋಯಿತು. ಹಿಡಿದಷ್ಟನ್ನು ಹೆಲ್ಮೆಟ್ಟಿಗೆ ತುಂಬಿ, ಉಳಿದಿದ್ದನ್ನು ಡಿಕ್ಕಿಗೆ ಸುರಿದುಕೊಂಡು ಹೊರಟರೆ ಸರ್ಕಲ್ಲಿನಲ್ಲೇ ಪೊಲೀಸರು.

"ಹೆಲ್ಮೆಟ್ ಎಲ್ರೀ ಮೇಡಂ?"

"ಇಲ್ಲೇ ಐತಲ್ಲ ಸಾರ್" ಎಂದು ಕಾಲ ಹತ್ತಿರ ತೋರಿಸಿದೆ.

ಅವರು ಬಗ್ಗಿ ನೋಡಿದರು. ಒಂದು ಹಣ್ಣು ಎತ್ತಿ ಮೂಸಿ, ಮತ್ತೆ ಅಲ್ಲೇ ಇಟ್ಟರು. "ಒಂದು ಹಣ್ಣಿಗೂ ಏಟು ಬೀಳಲ್ಲ, ಚೆನ್ನಾಗಿ ಕಾಪಾಡೀರಿ. ಈಗ ತಲೆ ಯಾವ ಚೀಲಕ್ಕೆ ಹಾಕ್ತೀರಿ?"

ಮಂದೆ

ಮದುವೆಯ ದಿನ ಮುಹೂರ್ತ ಹತ್ತೂಕಾಲಿಗೆ. ಒಂಬತ್ತೂವರೆಗೆ ಅಕ್ಕ ನನ್ನನ್ನು ಮೂಲೆಗೆ ಎಳೆದಳು. ಮುಖ ಬಿಳಿಚಿಹೋಗಿತ್ತು.

"ತಾಳಿ ಮನೇಲೇ ಉಳ್ಕಂಡೈತೆ ಕಣೇ! ಭದ್ರವಾಗಿರ್ಲಿ ಅಂತ ಅಕ್ಕಿ ಡಬ್ಬೀಲಿ ಹುದುಗಿಸಿಟ್ಟಿದ್ದೆ. ಹೆಣ್ಣಿನ ಕಡೆಯೋರಿಗೆ ಗೊತ್ತಾದ್ರೆ ಮಾನ ಹೋಗ್ತೈತೆ."

ಆದಿವಾಲಕ್ಕೆ ಹಾರಿದೆ. ಡಬ್ಬಿಯನ್ನೇ ಬೋರಲು ಹಾಕಿ ತಾಳಿ ಹುಡುಕಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ವಾಪಸ್ ಹೊರಟೆ. ಛತ್ರ ಇನ್ನು ಅರ್ಧ ಕಿಲೋಮೀಟರ್ ಇದೆ ಎನ್ನುವಾಗ ಸರ್ವಿಸ್ ರಸ್ತೆಯ ತುಂಬ ಕುರಿ. ನನಗೆ ಅಳುವೇ ಬಂತು.

"ದಾರಿ ಬಿಡಪ್ಪ, ಮುಹೂರ್ತ ಮೀರ್ತೈತೆ!"

ಕುರಿಯವನ ತೋಳಲ್ಲಿ ಆಗತಾನೇ ಹುಟ್ಟಿದ ಮರಿ ಇತ್ತು. "ಬಿಡ್ತೀನಿ ಕಣಕ್ಕ. ಈ ಮರೀಗೆ ನಡೆಯಾಕಾಗಲ್ಲ. ಛತ್ರದ ಪಕ್ಕದ ಹೊಲದಾಗೆ ಇವತ್ತು ಗೊಬ್ಬರಕ್ಕೆ ಮಂದೆ ನಿಲ್ಲಿಸ್ತೀವಿ. ಅಲ್ಲಿ ನಮ್ಮಾಕೆ ಅವ್ಳೆ, ಅವಳ ಕೈಗೆ ಕೊಟ್ಟುಬಿಡು."

ವಾದ ಮಾಡಲು ಪುರುಸೊತ್ತೆಲ್ಲಿ? ಮರಿಯನ್ನು ಕಾಲ ಬಳಿ ಮಲಗಿಸಿಕೊಂಡೆ. ಅವನು ಸಿಳ್ಳೆ ಹಾಕಿದ, ಮಂದೆ ದಾರಿ ಬಿಟ್ಟಿತು.

ನಾಲ್ಕು ಮಾರು ಹೋಗಿ ಕನ್ನಡಿ ನೋಡುತ್ತೇನೆ, ಮರಿಯ ತಾಯಿ ಅರಚುತ್ತ ಓಡಿ ಬರುತ್ತಿದೆ. ತಾಯಿಯ ಹಿಂದೆ ಇಡೀ ಮಂದೆ! ಜೋರಾಗಿ ಹೋದರೆ ಮರಿ ಉರುಳುತ್ತದೆ, ನಿಲ್ಲಿಸಿದರೆ ತಾಳಿ ತಲುಪುವುದಿಲ್ಲ. ಹಾರ್ನ್ ಹೊಡೆದರೆ ತಾಯಿ "ಬ್ಯಾ" ಎಂದು ಉತ್ತರ ಕೊಡುತ್ತಿತ್ತು. ಕುರಿಯವನು ಮಾತ್ರ ತಲೆಗೆ ಟವೆಲ್ ಸುತ್ತಿಕೊಂಡು, ಬಹಳ ದೂರದಲ್ಲಿ, ಆರಾಮಾಗಿ ನಡೆದು ಬರುತ್ತಿದ್ದ.

ಛತ್ರದ ಮುಂದೆ ಎದ್ದ ಧೂಳು ಕಂಡು ಯಾರೋ ದೊಡ್ಡ ಮನುಷ್ಯರು ಬಂದರೆಂದು ಬ್ಯಾಂಡಿನವರು ಬಾರಿಸತೊಡಗಿದರು. ಕುರಿಯವನ ಹೆಂಡತಿ ಹೊಲದಿಂದ ಓಡಿ ಬಂದು ಮರಿಯನ್ನು ಎತ್ತಿಕೊಂಡಳು. ನಾನು ಒಳಗೆ ನುಗ್ಗಿ ಗಂಟು ಬಿಚ್ಚಿ ತಾಳಿಯನ್ನು ತಟ್ಟೆಗೆ ಹಾಕಿದೆ. ಮುಹೂರ್ತಕ್ಕೆ ಇನ್ನೂ ಎರಡು ನಿಮಿಷ ಇತ್ತು. ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ.

ಅಕ್ಷತೆ ಹಾಕಿ, ಕಣ್ಣೊರೆಸಿಕೊಂಡು ಹೊರಗೆ ಬಂದರೆ ಕುರಿಗಳು ಬಾಗಿಲಿಗೆ ಕಟ್ಟಿದ ಬಾಳೆಕಂಬವನ್ನು ಅರ್ಧ ತಿಂದು ಮುಗಿಸಿದ್ದವು. ಅಡುಗೆ ಭಟ್ಟರು ಸೌಟು ಹಿಡಿದು ದಂಗಾಗಿ ನಿಂತಿದ್ದರು. ನನ್ನನ್ನು ನೋಡಿ ಕೈ ಮುಗಿದೇಬಿಟ್ಟರು.

"ಟೀಚರಮ್ಮ, ಬೀಗರೂಟ ನಾಳೆ ಅಲ್ವೇನ್ರೀ? ಇವತ್ತೇ ಹೊಡ್ಕಂಡ್ ಬಂದೀರಲ್ಲ!"